ರಾಶಿ ಮುಗಿದ ಮೇಲೆ ಮೈದಾನ

ವಡಗೇರಾದಲ್ಲಿ ಕ್ರಿಕೆಟ್ ಮೈದಾನ ಎಲ್ಲಿದೆ ಎಂದು ಕೇಳುವವರು ಮೊದಲು ಇದು ಯಾವ ತಿಂಗಳು ಎಂದು ನೋಡಿಕೊಳ್ಳಬೇಕು. ಮುಂಗಾರಿನಲ್ಲಿ ಕೇಳಿದರೆ ಮೈದಾನವೆಂದರೆ ಶಾಲೆಯ ಅಂಗಳ, ಅದೂ ಎರಿ ಮಣ್ಣು ಕಾಲಿಗೆ ಮೆತ್ತಿಕೊಳ್ಳದಷ್ಟು ಒಣಗಿದ್ದರೆ. ಬಿಳಿಜೋಳ ಕೊಯ್ದು ರಾಶಿ ಮುಗಿದ ಮೇಲೆ, ಅಂದರೆ ಶಿವರಾತ್ರಿಯ ಆಚೀಚೆ ಕೇಳಿದರೆ, ಊರ ಸುತ್ತಲಿನ ಸಪಾಟಾದ ಯಾವ ಹೊಲವೂ ಮೈದಾನವೇ. ಬೇಸಿಗೆಯಲ್ಲಿ ಹೊಳೆ ಬತ್ತಿತೆಂದರೆ ದಂಡೆಯ ಹಳ್ಳಿಗಳಿಗೆ ಉಸುಕಿನ ಪಾತ್ರವೂ ಸೇರಿಕೊಳ್ಳುತ್ತದೆ. ಮೃಗಶಿರಾ ಮಳೆ ಬಿದ್ದು ಕುಂಟಿ ಹೊಡೆಯುವುದು ಶುರುವಾದರೆ ಇವೆಲ್ಲ ಒಂದೇ ವಾರದಲ್ಲಿ ಮಾಯ. ಪೆವಿಲಿಯನ್ನು, ಉದ್ಘಾಟನೆಯ ಕಲ್ಲು, ಸ್ಥಾಪಕರ ಫೋಟೊ ಇರುವ ಮೈದಾನದ ಚರಿತ್ರೆ ಬರೆಯುವುದು ಸುಲಭ. ಬೆಳೆಯ ಜೊತೆಗೆ ಬಂದು ಬೆಳೆಯ ಜೊತೆಗೇ ಹೋಗುವ ಮೈದಾನಕ್ಕೂ ಚರಿತ್ರೆಯಿದೆ. ಅದನ್ನು ಓದಬೇಕಾದದ್ದು ಕ್ಲಬ್ಬಿನ ದಾಖಲೆಯಲ್ಲಲ್ಲ, ಹೊಲದ ಪಹಣಿಯಲ್ಲಿ, ಕಾಲುವೆಯ ನಕ್ಷೆಯಲ್ಲಿ, ಶಾಲೆಯ ಕಂಪೌಂಡಿನಲ್ಲಿ.

ಊರು ನಿಂತಿರುವುದು ಎರಡು ನದಿಗಳ ನಡುವೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಪೂರ್ವಕ್ಕೆ ಹೋದಂತೆ ನಡುವಿನ ನೆಲ ಕಿರಿದಾಗುತ್ತಾ ಸಂಗಮದಲ್ಲಿ ಮುಗಿಯುತ್ತದೆ. 1956ರ ನವೆಂಬರ್ 1ರವರೆಗೆ ಇದು ಹೈದರಾಬಾದ್ ರಾಜ್ಯ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಗುವವರೆಗೆ ಗುಲ್ಬರ್ಗಾ ಜಿಲ್ಲೆ. 2018ರಲ್ಲಿ ಹುಣಸಗಿ, ಗುರುಮಠಕಲ್ ಜೊತೆಗೆ ವಡಗೇರಾ ತಾಲ್ಲೂಕಾಗುವವರೆಗೆ ಶಹಾಪುರ ತಾಲ್ಲೂಕು. ಕೂತ ಜಾಗದಿಂದ ಕದಲದೆ ಊರು ಮೂರು ಸಲ ವಿಳಾಸ ಬದಲಿಸಿದೆ. ಪ್ರತಿ ಬದಲಾವಣೆಯೂ ಇಲ್ಲಿನ ಆಟದ ಬಯಲನ್ನು ಒಂದಲ್ಲ ಒಂದು ರೀತಿ ಮುಟ್ಟಿದೆ.

ನಮ್ಮ ದೇಶದಲ್ಲಿ ಕ್ರಿಕೆಟ್ ಬೇರುಬಿಟ್ಟ ಊರುಗಳನ್ನು ನೋಡಿದರೆ ಹೆಚ್ಚಿನ ಕಡೆ ನಾಲ್ಕರಲ್ಲಿ ಒಂದು ಕಾರಣ ಸಿಗುತ್ತದೆ: ದಂಡು, ಅರಮನೆ, ಮಿಷನ್ ಶಾಲೆ, ಇಲ್ಲವೇ ರೈಲು. ಬೆಂಗಳೂರಿಗೆ ದಂಡಿತ್ತು, ಮೈಸೂರಿಗೆ ಅರಮನೆ, ಮಂಗಳೂರಿಗೆ ಮಿಷನ್ನು. ಸಿಕಂದರಾಬಾದಿಗೆ ದಂಡೂ ಇತ್ತು, ಪಕ್ಕದಲ್ಲೇ ನಿಜಾಮರ ದರ್ಬಾರೂ ಇತ್ತು. ಕೃಷ್ಣಾ–ಭೀಮಾ ನಡುವಿನ ಈ ಪಟ್ಟಿಗೆ ಇವು ಯಾವುವೂ ನೆಟ್ಟಗೆ ಒದಗಲಿಲ್ಲ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ವರ್ಷಗಟ್ಟಲೆ ಇದ್ದ, ಅವನ ಟೇಲರ್ ಮಂಜಿಲ್ ಗುಡ್ಡದ ಮೇಲೆ ಇವತ್ತಿಗೂ ಇದೆ. ಆದರೆ ಒಬ್ಬ ಸಾಹೇಬನಿಂದ ಹನ್ನೊಂದು ಮಂದಿಯ ಆಟ ಆಗುವುದಿಲ್ಲವಲ್ಲ. ಹೈದರಾಬಾದ್ ಕಾಂಟಿಂಜೆಂಟ್ ಸೈನ್ಯದ ಠಾಣ್ಯವಿದ್ದದ್ದು ಕೃಷ್ಣೆಯ ಆಚೆ, ಲಿಂಗಸುಗೂರಿನಲ್ಲಿ. 1857–58ರ ಬಂಡಾಯದಲ್ಲಿ ವೆಂಕಟಪ್ಪ ನಾಯಕನ ಸುರಪುರ ಕಂಪನಿಯ ಕೈಗೆ ಬಿತ್ತು, 1860ರಲ್ಲಿ ನಿಜಾಮರಿಗೆ ಹೋಯಿತು. ಮುಂದೆ 1871ರಲ್ಲಿ ಮುಂಬೈ ಕಡೆಯ ರೈಲು ಹಳಿ ಯಾದಗಿರಿ ದಾಟಿ ರಾಯಚೂರಿನಲ್ಲಿ ಮದರಾಸು ಕಡೆಯ ಹಳಿಯನ್ನು ಕೂಡಿತು. ದೇಶದ ಎರಡು ದೊಡ್ಡ ಕ್ರಿಕೆಟ್ ಪಟ್ಟಣಗಳ ನಡುವಿನ ದಾರಿ ಈ ಸೀಮೆಯ ಎದೆಯ ಮೇಲೇ ಹಾದಿತ್ತು. ಆಟ ಮಾತ್ರ ಡಬ್ಬಿಯಿಂದ ಇಳಿಯದೆ ಮುಂದಕ್ಕೆ ಹೋಯಿತು.

ಆಗ ಇಲ್ಲಿನವರು ಏನೂ ಆಡದೆ ಕೂತಿದ್ದರೆಂದಲ್ಲ. ಗರಡಿಮನೆಯ ಕೆಮ್ಮಣ್ಣಿನಲ್ಲಿ ಕುಸ್ತಿ, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು, ಓಣಿಯಲ್ಲಿ ಚಿಣಿದಾಂಡು, ಬಯಲಲ್ಲಿ ಕಬಡ್ಡಿ. ಇವುಗಳಲ್ಲಿ ಯಾವುದೂ ಎಕರೆಗಟ್ಟಲೆ ನೆಲ ಕೇಳುವುದಿಲ್ಲ ಎಂಬುದನ್ನು ಗಮನಿಸಿ. ಕ್ರಿಕೆಟ್ ದೊಡ್ಡ ಹೊಟ್ಟೆಯ ಆಟ. ಅದಕ್ಕೆ ನಾಲ್ಕೈದು ಎಕರೆಯಾದರೂ ಬೇಕು. ಬೇಸಾಯದ ಊರಿನಲ್ಲಿ ಅಷ್ಟು ನೆಲವನ್ನು ವರ್ಷವಿಡೀ ಖಾಲಿ ಬಿಡಲು ಅರಸನೋ ಸರ್ಕಾರವೋ ಆಗಿರಬೇಕು. ಎರಡೂ ದೂರವಿದ್ದಲ್ಲಿ ಹುಡುಗರು ರೈತನ ಬಳಿಗೇ ಹೋಗಬೇಕಾಗುತ್ತದೆ.

ಆ ಮಾತುಕತೆ ಈ ಕಡೆಯ ಯಾವ ಹಳ್ಳಿಯಲ್ಲಿ ಹೋದರೂ ಹೆಚ್ಚುಕಡಿಮೆ ಒಂದೇ. ‘ಕಾಕಾ, ಜ್ವಾಳಾ ತಗದ ಮ್ಯಾಲ ಹೊಲ ಆಟಕ್ಕ ಬಿಡ್ರಿ’ ಎಂದು ಹುಡುಗರು. ‘ಆಡ್ರಿ, ಆದ್ರ ಬದು ಕೆಡಸಬ್ಯಾಡ್ರಿ, ಕುರಿ ತರುಬಾಕ ಬಂದಾಗ ಜಗಳಾ ತಗೀಬ್ಯಾಡ್ರಿ’ ಎಂದು ಹೊಲದವರು. ಬಾಡಿಗೆಯಿಲ್ಲ, ಕರಾರಿಲ್ಲ. ಹುಡುಗರು ಮಾಡಬೇಕಾದದ್ದು ಇಷ್ಟೇ: ಕೂಳೆ ಕಿತ್ತು ಬದುವಿಗೆ ಹಾಕುವುದು, ಹೆಂಟೆ ಒಡೆಯುವುದು, ಮುಳ್ಳು ಆಯುವುದು. ಜೋಳದ ಕೂಳೆಯ ಮೇಲೆ ಬರಿಗಾಲಲ್ಲಿ ಫೀಲ್ಡಿಂಗ್ ಮಾಡಿದವರಿಗೆ ಅದು ಎಂಥ ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಈ ಮೈದಾನದಲ್ಲಿ ಡೈವ್ ಹೊಡೆಯುವವನನ್ನು ಶೂರ ಎನ್ನುವುದಿಲ್ಲ, ಹುಚ್ಚ ಎನ್ನುತ್ತಾರೆ. ಇನ್ನು ವಿಕೆಟ್ಟು. ಶಹಾಬಾದಿನ ಗಣಿಗಳು ಹತ್ತಿರವಿರುವ ಈ ಭಾಗದಲ್ಲಿ ಫರ್ಸಿ ಕಲ್ಲಿಗೆ ಬರವಿಲ್ಲ. ಒಂದು ತುಂಡು ಫರ್ಸಿ ನಿಲ್ಲಿಸಿದರೆ ಸ್ಟಂಪ್ ಆಯಿತು. ಚೆಂಡು ತಗುಲಿದರೆ ಠಣ್ ಎಂದು ಸದ್ದು ಬರುವುದರಿಂದ ಬೌಲ್ಡ್ ಆಯಿತೋ ಇಲ್ಲವೋ ಎಂಬ ತಕರಾರೂ ಇಲ್ಲ.

ಈ ಎರಿ ಮಣ್ಣಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಕ್ರಿಕೆಟ್ ಪಿಚ್ ಎಂದರೆ 22 ಗಜ ಉದ್ದ, 10 ಅಡಿ ಅಗಲದ ಜೇಡಿಮಣ್ಣಿನ ಪಟ್ಟಿ. ಒಳ್ಳೆಯ ಪಿಚ್ಚಿನ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಜೇಡಿಯೇ ಇರಬೇಕು ಎನ್ನುತ್ತಾರೆ. ಭಾರತದ ಕ್ರೀಡಾಂಗಣಗಳಲ್ಲಿ ಎರಡು ಜಾತಿಯ ಮಣ್ಣು ಹೆಚ್ಚು ಬಳಕೆ, ಕೆಂಪು ಮತ್ತು ಕಪ್ಪು. ಮುಂಬೈನ ವಾಂಖೆಡೆಯದು ಕೆಂಪು, ನಾಗಪುರದ್ದು ಕಪ್ಪು. ಕಪ್ಪು ಎಂದರೆ ನಮ್ಮ ಎರಿಯೇ. ಅದರ ಕಣಗಳ ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಎರಿ ಹೊಲ ಕರುವಿನ ಕಾಲು ಹೋಗುವಷ್ಟು ಬಾಯಿ ಬಿಡುವುದು ಇದೇ ಗುಣದಿಂದ. ಟೆಸ್ಟ್ ಪಂದ್ಯದ ನಾಲ್ಕನೆಯ ದಿನ ಪಿಚ್ ಬಿರುಕು ಬಿಟ್ಟು ಸ್ಪಿನ್ನರ್‌ಗಳ ಕೈ ಮೇಲಾಗುವುದೂ ಇದೇ ಗುಣದಿಂದ. ನಾಗಪುರದಲ್ಲಿ ಕಾಮೆಂಟೇಟರ್‌ಗಳು ಗಂಟಲು ಹರಿದು ವಿವರಿಸುವ ಸಂಗತಿಯನ್ನು ವಡಗೇರಾದ ರೈತ ಬೇಸಿಗೆ ಬಂದಾಗಲೆಲ್ಲ ದಾಟಿಕೊಂಡು ಮನೆಗೆ ಹೋಗುತ್ತಾನೆ.

ಇನ್ನೂ ಮುಖ್ಯವಾದದ್ದು, ಪಿಚ್ ಮಾಡುವ ವಿದ್ಯೆ. ಅದು ಇಲ್ಲಿ ಕ್ರಿಕೆಟ್ಟಿಗಿಂತ ಎಷ್ಟೋ ಹಿಂದಿನಿಂದ ಇತ್ತು. ರಾಶಿಯ ಕಣ ಮಾಡುತ್ತಿದ್ದ ಬಗೆಯನ್ನು ನೆನಪಿಸಿಕೊಳ್ಳಿ. ಗಾಳಿ ಚೆನ್ನಾಗಿ ಆಡುವ ಎತ್ತರದ ಜಾಗ ಹಿಡಿದು, ಹುಲ್ಲು ಕೆತ್ತಿ, ನೆಲ ಕೆದರಿ, ನೀರು ಹೊಡೆದು, ಹದ ಬರುವವರೆಗೆ ಕಾಯುತ್ತಿದ್ದರು. ಹದ ಬಂದ ಮೇಲೆ ಎತ್ತು ಸುತ್ತಿಸಿ ತುಳಿಸಿ, ಕಲ್ಲಿನ ಉರುಳೆ ಎಳೆಸಿ, ಕೊನೆಗೆ ಸೆಗಣಿಯ ಬಗ್ಗಡದಿಂದ ಸಾರಿಸುತ್ತಿದ್ದರು. ನಡುವೆ ಮೇಟಿ ಕಂಬ, ಅದರ ಸುತ್ತ ಹಂತಿ ತುಳಿಯುವ ಎತ್ತು. ಬಿರುಕು ಉಳಿದರೆ ಕಾಳು ಅದರೊಳಗೆ ಹೋಗುತ್ತದೆ. ಆದ್ದರಿಂದ ಕಣ ಕನ್ನಡಿಯಂತಿರಬೇಕಿತ್ತು. ಈಗ ದೊಡ್ಡ ಕ್ರೀಡಾಂಗಣದ ಪಿಚ್ ಕ್ಯುರೇಟರ್ ಮಾಡುವುದೇನು? ಜೇಡಿ ಹರಡುತ್ತಾನೆ, ನೀರು ಕುಡಿಸುತ್ತಾನೆ, ಹದ ನೋಡುತ್ತಾನೆ, ಭಾರದ ರೋಲರ್ ಓಡಿಸುತ್ತಾನೆ, ಒಣಗಿಸುತ್ತಾನೆ, ಮತ್ತೆ ರೋಲರ್. ಒದ್ದೆ ಹೆಚ್ಚಿದ್ದಾಗ ಉರುಳಿಸಿದರೆ ಮಣ್ಣು ರೋಲರಿಗೆ ಮೆತ್ತುತ್ತದೆ, ಒಣಗಿದ ಮೇಲೆ ಉರುಳಿಸಿದರೆ ಕೂರುವುದಿಲ್ಲ. ಹದವನ್ನು ಕಂಡುಹಿಡಿಯಲು ಅವನೂ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಹಿಚುಕಿಯೇ ನೋಡುವುದು. ಕಣಕ್ಕೂ ಪಿಚ್ಚಿಗೂ ಇರುವ ವ್ಯತ್ಯಾಸ ಒಂದೇ, ಹುಲ್ಲಿನ ಬೇರು. ಪಿಚ್ಚಿನಲ್ಲಿ ಜೇಡಿಯನ್ನು ಒಳಗಿನಿಂದ ಹಿಡಿದಿಡುವುದು ಹುಲ್ಲು. ಕಣದಲ್ಲಿ ಆ ಕೆಲಸ ಮೇಲಿನಿಂದ ಸೆಗಣಿಯದು. ಕೊಯ್ದ ಹೊಲದಲ್ಲಿ ಪಿಚ್ ಮಾಡುವ ಹುಡುಗರು ನೀರು ಹೊಡೆದು, ಟ್ರ್ಯಾಕ್ಟರಿನ ಗಾಲಿ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ, ಮೇಲೆ ಗರಸು ಹರಡಿ ಬಡಿಯುತ್ತಾರೆ. ಅವರು ಮಾಡುತ್ತಿರುವುದು ಅಜ್ಜಂದಿರ ಕಣವನ್ನೇ. ಆದರೆ ಕಣದ ಕಾಲ ಮುಗಿಯಿತು. ರಾಶಿ ಯಂತ್ರ ಬಂದು ಹೊಲದಲ್ಲೇ ಕಾಳು ಬೇರೆ ಮಾಡಿ ಚೀಲಕ್ಕೆ ತುಂಬುತ್ತದೆ, ಉಳಿದ ಒಕ್ಕಲಿಗೆ ಡಾಂಬರು ರಸ್ತೆಯಿದೆ. ಹದ ನೋಡಬಲ್ಲ ಕೈಗಳು ವಯಸ್ಸಾಗಿ ಕಟ್ಟೆಯ ಮೇಲೆ ಕೂತಿವೆ. ರಾಜ್ಯದ ಯಾವ ಕ್ರೀಡಾ ಇಲಾಖೆಯೂ ಅವರಿಗೊಂದು ರೋಲರ್ ಕೊಟ್ಟು ನೋಡುವ ಯೋಚನೆ ಮಾಡಿಲ್ಲ ಎನ್ನುವುದು ನನ್ನ ತಕರಾರು. ಇದರಲ್ಲಿ ತಮಾಷೆ ಅರ್ಧ ಮಾತ್ರ.

ಹೊಲದ ಮೈದಾನಕ್ಕೆ ದೊಡ್ಡ ಏಟು ಬಿದ್ದದ್ದು ನೀರಿನಿಂದ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ನಾರಾಯಣಪುರದ ಬಸವಸಾಗರ ಜಲಾಶಯ ಮುಗಿದದ್ದು 1980ರ ದಶಕದ ಆರಂಭದಲ್ಲಿ. ಅಲ್ಲಿಂದ ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆ, ಮುಡಬಾಳ ಶಾಖಾ ಕಾಲುವೆ ಎಂದು ನೀರು ಕವಲೊಡೆಯುತ್ತ ಬಂತು. ಭೀಮರಾಯನಗುಡಿಯಲ್ಲಿ ಯೋಜನೆಯ ಕ್ಯಾಂಪ್ ಎದ್ದು ಬೇರೆ ಬೇರೆ ಜಿಲ್ಲೆಗಳ ಎಂಜಿನಿಯರ್ ಕುಟುಂಬಗಳು ಬಂದು ನೆಲೆಸಿದವು. ಆಂಧ್ರದಿಂದ ಬಂದವರು ಕ್ಯಾಂಪು ಹಾಕಿ ಭತ್ತ ಬೆಳೆದರು. ಬಿಳಿಜೋಳ, ತೊಗರಿ, ಹತ್ತಿ ಬೆಳೆಯುತ್ತಿದ್ದ ನೆಲ ಗದ್ದೆಯಾಯಿತು. ಬಡತನಕ್ಕೆ ಹೆಸರಾದ ಸೀಮೆಯಲ್ಲಿ ನೀರು ಬಂದದ್ದಕ್ಕೆ ಯಾರೂ ಅಳುವುದಿಲ್ಲ, ಅಳಲೂಬಾರದು. ಆದರೆ ಗದ್ದೆ ಮೈದಾನವಾಗುವುದಿಲ್ಲ. ಜೋಳದ ಹೊಲ ಎಕರೆಗಟ್ಟಲೆ ಒಂದೇ ಸಮ. ಗದ್ದೆಯೆಂದರೆ ಮಾರಿಗೊಂದು ಬದು, ಮಡಿಗೊಂದು ಮಟ್ಟ, ಒಣಗಿದರೆ ಕೆಸರಿನಲ್ಲಿ ಮೂಡಿದ ಹೆಜ್ಜೆಗಳೇ ಗಟ್ಟಿಯಾಗಿ ಕಾಲು ತಿರುಚುತ್ತವೆ. ಎರಡನೆಯ ಬೆಳೆಗೆ ನೀರು ಬಿಟ್ಟರಂತೂ ಆಟದ ತಿಂಗಳುಗಳೇ ಇಲ್ಲ.

ಆ ಎರಡನೆಯ ಬೆಳೆಯ ನೀರು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಇಲ್ಲಿನ ಪತ್ರಿಕೆಗಳಲ್ಲಿ, ರೈತರ ಬಾಯಲ್ಲಿ ಅದರ ಹೆಸರು ಐಸಿಸಿ. ‘ಐಸಿಸಿ ಸಭಿ ಯಾವಾಗ್ರಿ’ ಎಂದು ಶಹಾಪುರದ ಚಹಾದಂಗಡಿಯಲ್ಲಿ ಯಾರಾದರೂ ಕೇಳಿದರೆ ಅವರು ವಿಶ್ವಕಪ್ಪಿನ ವೇಳಾಪಟ್ಟಿ ಕೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ದುಬೈನಲ್ಲಿ ಕೂತ ಐಸಿಸಿಗಿಂತ ಈ ಐಸಿಸಿಯ ಮಾತು ಇಲ್ಲಿನ ಹುಡುಗರ ಆಟಕ್ಕೆ ಹೆಚ್ಚು ಸಂಬಂಧಪಟ್ಟದ್ದು.

ಕಾಲುವೆಗೆ ಮೈದಾನ ಬಿಟ್ಟುಕೊಟ್ಟವರಲ್ಲಿ ನಾವೇ ಮೊದಲಿಗರಲ್ಲ ಎಂಬುದು ಒಂದು ಸಮಾಧಾನ. ಲಂಡನ್ನಿನ ಲಾರ್ಡ್ಸ್ ಈಗಿರುವುದು ಅದರ ಮೂರನೆಯ ಜಾಗದಲ್ಲಿ. ಥಾಮಸ್ ಲಾರ್ಡ್ ಎಂಬ ವ್ಯಾಪಾರಿ 1787ರಲ್ಲಿ ಮೊದಲ ಮೈದಾನ ಮಾಡಿದ. ಅದು ಗುತ್ತಿಗೆಯ ನೆಲ, ಬಿಡಬೇಕಾಯಿತು. ಎರಡನೆಯದನ್ನು ಹಿಡಿದು ಹೆಚ್ಚು ದಿನವಾಗುವ ಮೊದಲೇ ರೀಜೆಂಟ್ಸ್ ಕಾಲುವೆ ಅದೇ ಜಾಗದ ಮೇಲೆ ಹಾಯುತ್ತದೆಂದು ಗೊತ್ತಾಯಿತು. 1814ರಲ್ಲಿ ಮೂರನೆಯ ಜಾಗ. ಹೋದಲ್ಲೆಲ್ಲ ತನ್ನ ಹುಲ್ಲಿನ ಹೆಪ್ಪನ್ನೂ ಕಿತ್ತು ಒಯ್ದನೆಂದು ಹೇಳುತ್ತಾರೆ. ಇನ್ನೊಂದು ಮಾತು. ಹುಲ್ಲು ಕತ್ತರಿಸುವ ಯಂತ್ರ ಬರುವ ಮುನ್ನ ಲಾರ್ಡ್ಸ್‌ನಲ್ಲಿ ಹುಲ್ಲು ಮೇಯಿಸಿ ತಗ್ಗಿಸುತ್ತಿದ್ದದ್ದು ಕುರಿ ಹಿಂಡಿನಿಂದ. ಕುರಿ ತರುಬಿದ ಹೊಲದಲ್ಲಿ ಹಿಕ್ಕೆ ಬದಿಗೆ ಸರಿಸಿ ಕ್ರೀಸ್ ಗೆರೆ ಎಳೆಯುವ ನಮ್ಮ ಹುಡುಗರು ಕ್ರಿಕೆಟ್ಟಿನ ಅತ್ಯಂತ ಹಳೆಯ ಸಂಪ್ರದಾಯವನ್ನು ಪಾಲಿಸುತ್ತಿದ್ದಾರೆ ಎನ್ನಲು ಅಡ್ಡಿಯಿಲ್ಲ. ಲಾರ್ಡ್‌ಗೂ ಇವರಿಗೂ ಇರುವ ಅಂತರ ಬೇರೆ ಕಡೆ ಇದೆ. ಅವನ ಬೆನ್ನಿಗೆ ಹಣವಂತರ ಒಂದು ಕ್ಲಬ್ ಇತ್ತು. ಎರಡು ಸಲ ಎದ್ದು ಹೋಗಬೇಕಾಗಿ ಬಂದರೂ ಮೂರನೆಯ ಸಲ ಕೂರಲು ಜಾಗ ಸಿಕ್ಕಿತು.

ಹಳಿ ಹಾಕಿದರೂ ಇಳಿಯದ ಆಟ ಕೊನೆಗೆ ಇಲ್ಲಿಗೆ ಬಂದದ್ದು ಗಾಳಿಯಲ್ಲಿ. ಗುಲ್ಬರ್ಗಾದ ಆಕಾಶವಾಣಿ ಕೇಂದ್ರ 1966ರಲ್ಲಿ ಶುರುವಾಯಿತು. ಟಿವಿಯ ಕಥೆ ಇನ್ನೂ ಸ್ವಾರಸ್ಯದ್ದು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಮುಟ್ಟಿಸುವ ‘ಸೈಟ್’ ಪ್ರಯೋಗ ನಡೆಯಿತಲ್ಲ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕೋಳಿ ಗೂಡಿನ ತಂತಿ ಜಾಲರಿಯಂಥ ಹತ್ತಡಿ ಅಗಲದ ಆಂಟೆನಾ, ಶಾಲೆಯಲ್ಲೋ ಪಂಚಾಯಿತಿಯಲ್ಲೋ ಇಟ್ಟ ಪೆಟ್ಟಿಗೆ, ಎದುರಿಗೆ ಇಡೀ ಊರು. ತೋರಿಸುತ್ತಿದ್ದದ್ದು ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಆ ಪ್ರಯೋಗದ ಬೆನ್ನಿಗೇ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಈ ಸೀಮೆಗೆ ಬಂದ ಸೌಕರ್ಯ ಇದೊಂದೇ ಇರಬೇಕು. ಆದರೂ 1983ರ ಜೂನ್ 25ರಂದು ಕಪಿಲ್ ದೇವ್ ಕಪ್ ಎತ್ತಿದ್ದು ಇಲ್ಲಿನ ಬಹುಪಾಲು ಜನರಿಗೆ ರೇಡಿಯೊದಲ್ಲೇ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದ ರೋಜರ್ ಬಿನ್ನಿಯೂ ಸ್ಟಂಪ್ ಹಿಂದೆ ನಿಂತ ಸಯ್ಯದ್ ಕಿರ್ಮಾನಿಯೂ ಕರ್ನಾಟಕದವರು ಎಂಬುದು ಆಟಕ್ಕೆ ಒಂದು ಮನೆತನದ ಭಾವ ತಂದಿತು. 1990ರ ದಶಕದಲ್ಲಿ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ದ್ರಾವಿಡ್ ಟಿವಿಯಲ್ಲಿ ಕಂಡ ಮೇಲೆ ಬಡಿಗೇರ ಮನೆಯ ಮುಂದೆ ಬ್ಯಾಟಿಗಾಗಿ ಕಾಯುವ ಹುಡುಗರು ಹೆಚ್ಚಾದರು. ಜಾಲಿ ಕಟ್ಟಿಗೆಯ ಬ್ಯಾಟು ಕೈಗೆ ಭಾರ, ಬೇವಿನದು ಪರವಾಗಿಲ್ಲ.

ಗಾಳಿಯಲ್ಲಿ ಬಂದ ಆಟಕ್ಕೆ ನೆಲದ ಮೇಲೆ ಮುಂದಿನ ದಾರಿ ಯಾವುದು? ಇಲ್ಲಿ 1956 ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ಕಾಗದದ ಮೇಲಾದರೂ ಈ ಸೀಮೆಯ ತಂಡ ಹೈದರಾಬಾದ್. 1937–38ರ ರಣಜಿ ಫೈನಲ್‌ನಲ್ಲಿ ನವಾನಗರ ಒಡ್ಡಿದ ಗುರಿಯನ್ನು ಎದುಲ್ಜಿ ಐಬರಾ ಅಜೇಯ 137 ಹೊಡೆದು ಒಂದೇ ವಿಕೆಟ್ ಉಳಿದಿರುವಾಗ ಮುಟ್ಟಿಸಿದ, ಆ ತಂಡ. ರಾಜ್ಯಗಳ ಮರುವಿಂಗಡಣೆಯಾದ ಮೇಲೆ ಗುಲ್ಬರ್ಗಾ, ರಾಯಚೂರು, ಬೀದರ್ ಮೈಸೂರಿಗೆ ಸೇರಿದವು. 1933ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯೇ ಇವಕ್ಕೂ ಸಂಸ್ಥೆಯಾಯಿತು. ವಡಗೇರಾದಿಂದ ಹೈದರಾಬಾದ್ ಸುಮಾರು 200 ಕಿಲೋಮೀಟರ್, ಬೆಂಗಳೂರು ಅದರ ಎರಡು ಪಟ್ಟಿಗೂ ಹೆಚ್ಚು. ಭಾಷೆ ಸಿಕ್ಕಿತು, ಕ್ರಿಕೆಟ್ಟಿನ ದಾರಿ ದೂರವಾಯಿತು. ಏಕೀಕರಣದ ಲಾಭನಷ್ಟ ಬರೆಯುವವರು ಈ ಬಾಬ್ತನ್ನು ಎಲ್ಲೂ ಸೇರಿಸುವುದಿಲ್ಲ. ಸೇರಿಸಬೇಕಾದಷ್ಟು ದೊಡ್ಡದೂ ಅಲ್ಲವೆನ್ನಿ.

ಈಗ ರಾಜ್ಯ ಸಂಸ್ಥೆ ಬೆಂಗಳೂರಿನ ಹೊರಗಿನ ಜಿಲ್ಲೆಗಳನ್ನು ವಲಯಗಳಾಗಿ ಹಂಚಿಕೊಂಡಿದೆ. ಈ ಭಾಗದ ಹುಡುಗರದು ರಾಯಚೂರು ವಲಯ. ಆ ದಾರಿಯಲ್ಲಿ ಮೇಲೆ ಹೋದವರು ಇಲ್ಲವೆಂದಲ್ಲ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ಕರ್ನಾಟಕಕ್ಕೆ ಆಡಿ, ರೈಲ್ವೇಸ್ ಸೇರಿ, 2001–02 ಮತ್ತು 2004–05ರಲ್ಲಿ ಆ ತಂಡ ರಣಜಿ ಗೆದ್ದಾಗ ಅದರ ಬ್ಯಾಟಿಂಗಿನ ಬೆನ್ನೆಲುಬಾಗಿದ್ದರು. ಆಮೇಲೆ ತವರಿಗೆ ಮರಳಿ ಕರ್ನಾಟಕದ ನಾಯಕರಾದರು, ಕೋಚ್ ಆದರು. 1871ರಲ್ಲಿ ಆಟವನ್ನು ಇಳಿಸದೆ ಹೋದ ರೈಲು ಕಡೆಗೂ ಈ ಸೀಮೆಯ ಒಬ್ಬ ಆಟಗಾರನಿಗೆ ಕೆಲಸ ಕೊಟ್ಟು ಋಣ ತೀರಿಸಿತು. ಪಕ್ಕದ ಗದಗದ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ಮರಳುತ್ತಿದ್ದರೆಂಬುದು ಎಲ್ಲರೂ ಮೆಚ್ಚಿ ಹೇಳುವ ಕಥೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರಿನಲ್ಲಿ 6 ರನ್ನಿಗೆ 5 ವಿಕೆಟ್ ತೆಗೆದ ಆ ಬೌಲರ್‌ನ ಶ್ರದ್ಧೆಗೆ ನಾನೂ ತಲೆಬಾಗುತ್ತೇನೆ. ಆದರೆ ಆ ಕಥೆಯನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಜಿಲ್ಲೆಯಾಗುವಷ್ಟು ದೊಡ್ಡ ಊರಿನ ಹುಡುಗನಿಗೆ ಅಭ್ಯಾಸಕ್ಕೆ ತಕ್ಕ ಮೈದಾನ 60 ಕಿಲೋಮೀಟರ್ ಆಚೆಯಿತ್ತು.

ಅನಿಲ್ ಕುಂಬ್ಳೆ ಸಂಸ್ಥೆಯ ಅಧ್ಯಕ್ಷರಾಗಿದ್ದ 2010ರಿಂದ 2013ರ ಅವಧಿಯಲ್ಲಿ ಬೆಂಗಳೂರಿನ ಹೊರಗೂ ಹುಲ್ಲುಹಾಸಿನ ಮೈದಾನಗಳು ಬೇಕೆಂಬ ಮಾತಿಗೆ ಬಲ ಬಂತು. ಹುಬ್ಬಳ್ಳಿಯ ರಾಜನಗರ, ಬೆಳಗಾವಿಯ ಆಟೊನಗರ, ಶಿವಮೊಗ್ಗದ ನವುಲೆಗಳಲ್ಲಿ ಈಗ ದೊಡ್ಡ ಪಂದ್ಯಗಳು ನಡೆಯುತ್ತವೆ. ಜನ ಬರುವುದಿಲ್ಲವೆಂಬ ನೆಪ ಸಲ್ಲದು ಎಂಬುದಕ್ಕೆ ಮೈಸೂರಿನ ಗಂಗೋತ್ರಿ ಬಯಲೇ ಸಾಕ್ಷಿ. 2010ರ ಜನವರಿಯಲ್ಲಿ ಮುಂಬೈ ವಿರುದ್ಧದ ರಣಜಿ ಫೈನಲ್‌ನಲ್ಲಿ 338 ಬೆನ್ನತ್ತಿದ ಕರ್ನಾಟಕ ಮನೀಶ್ ಪಾಂಡೆಯ 144ರ ಆಸರೆಯಲ್ಲಿ 331ರವರೆಗೆ ಬಂದು 6 ರನ್ನಿನಿಂದ ಸೋತಿತು. ನಿಲ್ಲಲು ಜಾಗವಿಲ್ಲದಷ್ಟು ಜನ ಅಲ್ಲಿ ಸೇರಿದ್ದರು. ಕಲ್ಯಾಣ ಕರ್ನಾಟಕದ ಪಾಲಿಗೆ ಬಂದದ್ದು ಮುಖ್ಯವಾಗಿ ಹೆಸರು. ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯನ್ನು 2022ರಲ್ಲಿ ಗೆದ್ದ ತಂಡ ಗುಲ್ಬರ್ಗಾ ಮಿಸ್ಟಿಕ್ಸ್. ಆ ಟೂರ್ನಿಯ ಪಂದ್ಯಗಳೆಲ್ಲ ನಡೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಕಲಬುರಗಿಯ ಜನ ತಮ್ಮ ತಂಡದ ಗೆಲುವನ್ನು ಮೊಬೈಲಿನಲ್ಲಿ ನೋಡಿ ಪಟಾಕಿ ಹೊಡೆಯಬೇಕು.

ಹೊಲದ ಆಟಕ್ಕೆ ಬರೋಣ, ಏಕೆಂದರೆ ಇಲ್ಲಿನ ಬಹುಪಾಲು ಕ್ರಿಕೆಟ್ ಈಗಲೂ ಅದೇ. ಯುಗಾದಿ ಹೊತ್ತಿಗೆ, ಅಂಬೇಡ್ಕರ್ ಜಯಂತಿಗೆ, ಯಾರಾದರೂ ಮುಖಂಡರ ಹುಟ್ಟುಹಬ್ಬಕ್ಕೆ ಟೆನಿಸ್ ಬಾಲ್ ಟೂರ್ನಮೆಂಟು. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದವರು ಹಬ್ಬಕ್ಕೆ ಬಂದಾಗಲೇ ಹನ್ನೊಂದು ಮಂದಿ ಪೂರ್ತಿಯಾಗುವ ಊರುಗಳೂ ಇವೆ. ಗರಸಿನ ಮೇಲೆ ಸುಣ್ಣದ ಗೆರೆ, ಒಂದು ಶಾಮಿಯಾನ, ಅದರಡಿ ಮೈಕು. ಮೈಕಿನಲ್ಲಿ ಕೂತವನು ಕನ್ನಡದಲ್ಲಿ ಶುರುಮಾಡಿ, ಚೆಂಡು ಎತ್ತರಕ್ಕೆ ಹೋದ ಕೂಡಲೇ ದಖ್ಖನಿಗೆ ಹೊರಳಿ, ಕ್ಯಾಚ್ ಬಿದ್ದರೆ ಇಂಗ್ಲಿಷಿನಲ್ಲಿ ಮುಗಿಸುತ್ತಾನೆ. ನಡುನಡುವೆ ‘ಬಹುಮಾನದ ದಾನಿಗಳು ವೇದಿಕಿಗೆ ಬರಬೇಕ್ರಿ’. ಚೆಂಡು ಪಕ್ಕದ ತೊಗರಿ ಸಾಲಿಗೆ ಬಿದ್ದರೆ ಆಟ ನಿಲ್ಲುತ್ತದೆ, ಎರಡೂ ತಂಡದವರು ಹುಡುಕುತ್ತಾರೆ. ಟೆನಿಸ್ ಚೆಂಡಿನ ಉಪಕಾರ ದೊಡ್ಡದು. ಅದು ಹುಲ್ಲು ಕೇಳುವುದಿಲ್ಲ, ಪ್ಯಾಡು ಕೇಳುವುದಿಲ್ಲ, ನೆಲ ಹೇಗಿದ್ದರೂ ಪುಟಿಯುತ್ತದೆ. ಆದರೆ ಅದೇ ಅದರ ಮೋಸವೂ ಹೌದು. ವಲಯದ ಆಯ್ಕೆಗೆ ಹೋದ ಹುಡುಗನ ಎದುರು ಲೆದರ್ ಬಾಲ್ ಮ್ಯಾಟಿನ ಮೇಲೆ ಪುಟಿದು ಮೂಗಿನ ಮಟ್ಟಕ್ಕೆ ಬಂದಾಗ, ಹತ್ತು ವರ್ಷ ಹೊಲದಲ್ಲಿ ಸಿಕ್ಸರ್ ಎತ್ತಿದ ಕೈಗೆ ಅದು ಬೇರೆಯೇ ಆಟ ಎಂದು ತಿಳಿಯುತ್ತದೆ.

ಉಳಿದದ್ದು ಶಾಲೆಯ ಅಂಗಳ. ವಡಗೇರಾದಂಥ ಊರಲ್ಲಿ ವರ್ಷದ ಹನ್ನೆರಡು ತಿಂಗಳೂ ಬೆಳೆಯ ಹಂಗಿಲ್ಲದ, ಸಾರ್ವಜನಿಕರ ಹೆಸರಿನಲ್ಲಿರುವ ಸಪಾಟು ನೆಲವೆಂದರೆ ಮುಖ್ಯವಾಗಿ ಅದೇ. ಅದು ಬಿಟ್ಟರೆ ಗಾಯರಾಣ. ಊರು ತಾಲ್ಲೂಕಾದ ದಿನದಿಂದ ಇಂಥ ನೆಲದ ಮೇಲೆ ಎಲ್ಲರ ಕಣ್ಣು. ತಹಶೀಲ್ದಾರ್ ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಹಾಸ್ಟೆಲು, ಬಸ್ ಡಿಪೊ, ವಸತಿಗೃಹಗಳು ಎಂದು ಹೊಸ ತಾಲ್ಲೂಕು ಬೇಡುವ ಪಟ್ಟಿ ಉದ್ದ. ಇವೆಲ್ಲ ಬೇಕಾದವೇ. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 52ನ್ನೂ ಮುಟ್ಟದೆ ರಾಜ್ಯದಲ್ಲೇ ಕೊನೆಯಲ್ಲಿದ್ದ ಜಿಲ್ಲೆಯಲ್ಲಿ ಇನ್ನೊಂದು ಶಾಲಾ ಕೊಠಡಿ ಬೇಡ, ಹುಡುಗರಿಗೆ ಆಡಲು ಬಿಡಿ ಎಂದು ಹೇಳುವ ಧೈರ್ಯ ಯಾರಿಗಿದೆ? ಆದರೆ ಖಾಲಿ ನೆಲ ಎಂಬ ಒಂದೇ ಕಾರಣಕ್ಕೆ ಆಟದ ನೆಲವನ್ನು ಕಚೇರಿಗೆ ತೋರಿಸುವ ರೂಢಿ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹಳೆಯದು. ಹೊಲಕ್ಕೆ ರೈತ ದನಿಯೆತ್ತುತ್ತಾನೆ, ಗಾಯರಾಣಕ್ಕೆ ದನಗಾಹಿ ದನಿಯೆತ್ತಬಹುದು. ಮೈದಾನದ ಪರವಾಗಿ ಅರ್ಜಿ ಬರೆಯಬೇಕಾದವರು ಎಂಟನೆಯ ಈಯತ್ತೆಯ ಹುಡುಗರು.

ಹುಡುಗರು ಎಂದು ಬರೆಯುತ್ತಲೇ ಬಂದೆ. ಹೊಲದ ಮೈದಾನ ಹುಡುಗರದ್ದೇ. ಸಂಜೆ ಊರಾಚೆ ಹೊಲಕ್ಕೆ ಆಡಲು ಹೋಗುತ್ತೇನೆ ಎಂದು ಹುಡುಗಿಯೊಬ್ಬಳು ಹೇಳಿದರೆ ಮನೆಯಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹಾಗಿದ್ದೂ ಈ ಬಯಲುಸೀಮೆ ಭಾರತ ತಂಡಕ್ಕೆ ಕೊಟ್ಟವರಲ್ಲಿ ಹೆಣ್ಣುಮಕ್ಕಳೇ ಎದ್ದು ಕಾಣುತ್ತಾರೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡನ್ನು 15 ರನ್ನಿಗೆ 5 ವಿಕೆಟ್ ತೆಗೆದು ಕೆಡವಿದರು. ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ 2024ರ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದರು. ಬೆಂಗಳೂರಿನ ಫ್ರಾಂಚೈಸಿಗೆ ಮೊದಲ ಕಪ್ ಬಂದದ್ದು ಅಂದೇ, ಗಂಡಸರ ತಂಡಕ್ಕಿಂತ ಮೊದಲು. ಇಂಥವರ ಹಾದಿಯಲ್ಲಿ ನಡೆಯಬೇಕೆನ್ನುವ ವಡಗೇರಾದ ಹುಡುಗಿಗೆ ಇರುವ ಬಯಲು ಶಾಲೆಯದೊಂದೇ. ಅದು ಕಂಪೌಂಡಿನೊಳಗಿದೆ, ಟೀಚರು ಕಣ್ಣಿಗೆ ಕಾಣುವಷ್ಟು ದೂರದಲ್ಲಿರುತ್ತಾರೆ, ಮನೆಯವರು ಬೇಡವೆನ್ನುವುದಿಲ್ಲ. ತೊಂದರೆಯೆಂದರೆ ಇಂಥ ಶಾಲೆಗಳ ಗೇಟಿಗೆ ಸಂಜೆ ಬೀಗ ಬೀಳುತ್ತದೆ. ಕುಡುಕರು ಬಂದು ಬಾಟಲಿ ಒಡೆಯುತ್ತಾರೆ, ದನ ನುಗ್ಗುತ್ತವೆ, ಕಿಟಕಿ ಮುರಿಯುತ್ತಾರೆ ಎಂಬ ಕಾರಣಗಳು ಸುಳ್ಳಲ್ಲ. ಆದರೂ ಬೀಗ ಬಿದ್ದ ಮೇಲೆ ಹುಡುಗರಿಗೆ ಹೊಲವಾದರೂ ಉಳಿಯುತ್ತದೆ. ಹುಡುಗಿಯರು ಮನೆಗೆ ಹೋಗುತ್ತಾರೆ. ಸಂಜೆ ಎರಡು ಗಂಟೆ ಆ ಗೇಟು ತೆರೆದಿಡಲು, ಬೀಗದ ಕೈಯನ್ನು ದೈಹಿಕ ಶಿಕ್ಷಣ ಶಿಕ್ಷಕರಿಗೋ ಊರಿನ ನಂಬಿಕಸ್ಥರೊಬ್ಬರಿಗೋ ಒಪ್ಪಿಸಲು ಸರ್ಕಾರದ ಹೊಸ ಯೋಜನೆ ಬೇಕಿಲ್ಲ, ಶಾಲಾಭಿವೃದ್ಧಿ ಸಮಿತಿಯ ಒಂದು ಠರಾವು ಸಾಕು.